ಕತ್ತೆಯೇರಿದ ಸ್ವಾಮಿಯ ಎರಡು ಬೆರಳು

ಸೋಮವಾರ ಸಂಗ್ರಹಾಲಯಕ್ಕೆ ರಜೆ. ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಕಾವಲುಗಾರ ವೀಟಸ್ ದೀಪ ಹಾಕುತ್ತಾ ಕೋಣೆಯಿಂದ ಕೋಣೆಗೆ ಬಂದ. ಇಟಲಿಯ ಅಮೃತಶಿಲೆಯ ದೇವತೆ — ಸರಿ. ಫ್ರಾನ್ಸಿನ ಕಂಚಿನ ಕುದುರೆ — ಸರಿ. ಫ್ಲಾಂಡರ್ಸಿನ ಅಳುವ ಸನ್ಯಾಸಿಗಳು ಎಂದಿನಂತೆ ಅಳುತ್ತಿದ್ದರು. ಕೊನೆಯ ಕೋಣೆಯಲ್ಲಿ ನಾಲ್ಕು ಚಕ್ರದ ಹಲಗೆಯ ಮೇಲೆ ಮರದ ಕತ್ತೆ, ಅದರ ಮೇಲೆ ಆಳೆತ್ತರದ ಮರದ ಯೇಸುಸ್ವಾಮಿ. ದಿನವೂ ಆತನಿಗೆ ಟೋಪಿ ತೆಗೆದು ನಮಸ್ಕರಿಸುವುದು ವೀಟಸ್‌ನ ರೂಢಿ. ಅಂದು ಟೋಪಿ ತಲೆಯ ಮೇಲೆಯೇ ಉಳಿಯಿತು.

ಆಶೀರ್ವಾದಕ್ಕೆ ಎತ್ತಿದ ಬಲಗೈಯಲ್ಲಿ ಎರಡು ಬೆರಳಿಲ್ಲ! ತೋರುಬೆರಳೂ ಇಲ್ಲ, ನಡುಬೆರಳೂ ಇಲ್ಲ.

"ಅಯ್ಯೋ ಸ್ವಾಮಿ! ನಿನ್ನನ್ನೂ ಬಿಡಲಿಲ್ವಾ?" ಎಂದು ಆತ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತುಬಿಟ್ಟ.

ಇನ್‌ಸ್ಪೆಕ್ಟರ್ ಆಫ್ರಾ ಬರುವಷ್ಟರಲ್ಲಿ ನಿರ್ದೇಶಕ ಡಾಕ್ಟರ್ ಎಬರ್ಲೆ ಕೋಣೆಯ ಉದ್ದಗಲ ಶತಪಥ ಹಾಕುತ್ತಿದ್ದರು.

"ಐನೂರು ವರ್ಷದ ಬೆರಳು, ಮೇಡಂ! ಐನೂರು ವರ್ಷ!"

"ಭಾನುವಾರದ ಮೆರವಣಿಗೆ?"

"ಯಾವ ಮೆರವಣಿಗೆ? ರದ್ದು! ಕಳ್ಳನೂ ಸಿಕ್ಕಿ, ಬೆರಳೂ ಸಿಕ್ಕಿ, ಇನ್ನು ಅಪಾಯ ಇಲ್ಲ ಅಂತಾದ್ರೆ ಕಳಿಸ್ತೀನಿ. ಇಲ್ಲಾಂದ್ರೆ ಕತ್ತೆ ಇಲ್ಲಿಂದ ಒಂದು ಹೆಜ್ಜೆ ಕದಲಲ್ಲ."

ಈ ಕತ್ತೆ ಆಫ್ರಾಳ ಊರಿನದು. ಒಂದು ಕಾಲದಲ್ಲಿ ಈಸ್ಟರ್‌ಗೆ ವಾರ ಮುಂಚೆ, ಯೇಸು ಕತ್ತೆಯೇರಿ ಬಂದ ನೆನಪಿನ ಗರಿಗಳ ಭಾನುವಾರ ಬಂತೆಂದರೆ ಲೋಬಾಖ್ ಊರಿನವರು ಹಗ್ಗ ಕಟ್ಟಿ ಇದನ್ನು ಬೀದಿಯಲ್ಲಿ ಎಳೆಯುತ್ತಿದ್ದರು. ಎಪ್ಪತ್ತೈದು ವರ್ಷದ ಹಿಂದೆ ಇದು ಪಟ್ಟಣದ ಸಂಗ್ರಹಾಲಯ ಸೇರಿತು. ಊರವರು ಕೇಳಿ ಕೇಳಿ ಸಾಕಾಗಿ, ಕೊನೆಗೆ ಈ ವರ್ಷ ಒಂದೇ ಒಂದು ದಿನಕ್ಕೆ ಕೊಡಲು ಒಪ್ಪಿಗೆ ಸಿಕ್ಕಿತ್ತು. ಆ ಕತ್ತೆಯ ಮೇಲೆ ಕೂತು ಬೀದಿ ಸುತ್ತಿದ ಮಕ್ಕಳಲ್ಲಿ ಇಂದು ಬದುಕಿರುವವಳು ಒಬ್ಬಳೇ — ಆಫ್ರಾಳ ದೊಡ್ಡಮ್ಮ ಬುರ್ಗಿ. ಎಂಬತ್ತೆರಡು ವರ್ಷ, ಹೃದಯ ಬಲವಿಲ್ಲ. ಸಂಗ್ರಹಾಲಯಕ್ಕೆ ಕರೆದರೆ ಮಾತ್ರ ಒಮ್ಮೆಯೂ ಬಂದವಳಲ್ಲ. "ಅದು ಊರಿಗೆ ಬರ್ಲಿ, ಅಲ್ಲೇ ನೋಡ್ತೀನಿ" ಎಂಬುದೊಂದೇ ಹಟ. ದಿನಕ್ಕೆರಡು ಸಲ ಫೋನು: "ಕತ್ತೆ ಬರುತ್ತೆ ತಾನೇ?"

ಆಫ್ರಾ ಏಣಿ ಹತ್ತಿ ಕೈಯನ್ನು ನೋಡಿದಳು. ಬೆರಳು ಹೋದ ಜಾಗ ನುಣುಪಾಗಿತ್ತು. ಗರಗಸದ ಗುರುತಿಲ್ಲ, ನೆಲದ ಮೇಲೆ ಒಂದು ಸಿಬಿರೂ ಇಲ್ಲ. ಕತ್ತೆಯ ಎಡಗಿವಿ ಮಾತ್ರ ಅವಳ ಉಸಿರು ತಾಗಿದರೂ ಅಲ್ಲಾಡುವಂತಿತ್ತು.

"ಕಿವಿ ಯಾವಾಗಿಂದ ಹೀಗಿದೆ?"

"ಹತ್ತು ವರ್ಷದಿಂದ," ಎಂದ ವೀಟಸ್. "ಹಿಡಿದೆಳೆದ್ರೆ ಕೈಗೇ ಬರುತ್ತೆ. ಕಳ್ಳನಿಗೆ ಕಣ್ಣು ಕಾಣಲ್ವೇನೋ! ಕೈಗೆಟುಕೋ ಕಿವಿ ಬಿಟ್ಟು, ಏಣಿ ಹಾಕಿ ಬೆರಳಿಗೆ ಹೋಗಿದ್ದಾನೆ."

"ಸೋಮವಾರ ಒಳಗೆ ಯಾರಿದ್ರು?"

"ನಾನು. ಡಾಕ್ಟರು. ದುರಸ್ತಿ ಕೋಣೆಯ ಹೆಡ್ವಿಗ್ ಅಮ್ಮ. ಆಮೇಲೆ ನಿಮ್ಮೂರಿನ ಚರ್ಚಿನ ಒಟ್ಮಾರ್ — ಚಕ್ರದ ಅಳತೆ ತಗೊಳ್ಳೋಕೆ ಬಂದಿದ್ದ."

"ಒಬ್ಬನೇ ಇದ್ನಾ?"

ವೀಟಸ್ ನೆಲ ನೋಡಿದ. "ನಾನು ಹತ್ತು ನಿಮಿಷ ಕಾಫಿಗೆ ಹೋಗಿದ್ದೆ, ಮೇಡಂ."

ಕತ್ತೆಯ ಕೇಸರದಲ್ಲಿ ಬಿಳಿ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿತ್ತು. ಆಫ್ರಾ ಅದನ್ನು ಚಿಮ್ಮಟದಿಂದ ತೆಗೆದು ನೇರ ಲೋಬಾಖ್‌ಗೆ ಹೋದಳು.

ಒಟ್ಮಾರ್ ಚರ್ಚಿನ ಮೆಟ್ಟಿಲು ಗುಡಿಸುತ್ತಿದ್ದ. ಅವಳನ್ನು ಕಂಡದ್ದೇ ಪೊರಕೆ ನಿಲ್ಲಿಸಿದ.

"ಬಾ ತಾಯಿ, ಬಾ. ಚಿಕ್ಕವಳಿದ್ದಾಗ ನಮ್ಮ ಸೇಬಿನ ಮರ ಹತ್ತಿ ಸಿಕ್ಕಿಬಿದ್ದವಳು ನೀನು. ಈಗ ನನ್ನನ್ನೇ ಹಿಡಿಯೋಕೆ ಬಂದ್ಯಾ?"

"ನಿನ್ನೆ ಕೈಗೆ ಏನು ಹಾಕ್ಕೊಂಡಿದ್ದೆ, ಒಟ್ಮಾರ್ ಮಾವ?"

"ಬಿಳೀ ಗ್ಲೌಸು. ಸ್ವಾಮಿಯನ್ನ ಬರಿಗೈಲಿ ಮುಟ್ಟೋಕಾಗುತ್ತಾ? ಆ ಹೆಡ್ವಿಗ್ ನೋಡಿ ನಕ್ಕುಬಿಟ್ಲು — ಹಳೇ ಮರಕ್ಕೆ ಹತ್ತಿ ತಾಗಿಸಬಾರದಂತೆ, ಸಿಕ್ಕಿಕೊಳ್ಳುತ್ತಂತೆ."

"ಮುಟ್ಟಿದ್ಯಾ ಹಾಗಾದ್ರೆ?"

"ಕತ್ತೆ ಕುತ್ತಿಗೆ ಒಂದ್ಸಲ ಸವರಿದೆ. ಬೆರಳು ನಾನ್ಯಾಕೆ ಕೀಳ್ಲಿ? ಇಡೀ ಸ್ವಾಮಿಯೇ ಮನೆಗೆ ಬರೋವಾಗ ಎರಡು ಬೆರಳಿಗೆ ಕೈ ಹಾಕೋಷ್ಟು ಪೆದ್ದನಾ ನಾನು?"

ಅದೂ ಸರಿಯೇ ಆಗಿತ್ತು. ಮೆರವಣಿಗೆ ನಿಂತರೆ ಅಳುವವರಲ್ಲಿ ಒಟ್ಮಾರ್ ಮೊದಲಿಗ.

ದುರಸ್ತಿ ಕೋಣೆಯಲ್ಲಿ ಹೆಡ್ವಿಗ್ ಆಗಲೇ ಶುಭ್ರವಾಗಿದ್ದ ಕುಂಚವನ್ನು ಮತ್ತೆ ತೊಳೆಯುತ್ತಿದ್ದಳು. ಅರವತ್ತಮೂರರ ಹೆಂಗಸು, ಬದುಕಿನ ಬಹುಪಾಲು ಈ ಮರದ ಸಂತರ ಹುಳುಕು ತೆಗೆಯುವುದರಲ್ಲೇ ಕಳೆದಿತ್ತು. ಮೇಜಿನ ಮೇಲೆ ಶುಕ್ರವಾರದ ಕಾಗದವೊಂದು: 'ಪ್ರಯಾಣಕ್ಕೆ ಯೋಗ್ಯ.' ಕೆಳಗೆ ಅವಳ ಸಹಿ.

"ಬೆರಳು ಹೇಗೆ ಹೋಗಿರಬಹುದು, ಅಮ್ಮ?"

"ಮುರಿದಿಲ್ಲ. ಮುರಿದಿದ್ರೆ ಸಿಬಿರು ಇರ್ತಿತ್ತು."

"ಐನೂರು ವರ್ಷದ ಬೆರಳು. ನಿಮಗೆ ಎಷ್ಟು ಸಂಕಟ ಆಗಿರಬೇಡ!"

"ಸಂಕಟವೇ," ಎಂದಳು ಹೆಡ್ವಿಗ್. ಕುಂಚ ಮತ್ತೆ ನೀರಿಗಿಳಿಯಿತು.

ಬುಧವಾರ ಮಧ್ಯಾಹ್ನ ಆಫ್ರಾ ಸುಳಿವೇನೂ ಸಿಗದೆ ಬರಿಗೈಯಲ್ಲಿ ದೊಡ್ಡಮ್ಮನ ಮನೆಗೆ ಹೋದಳು. ಬುರ್ಗಿ ಅಡುಗೆಮನೆಯ ಮೇಜಿನ ಮೇಲೆ ಮೊಗ್ಗೊಡೆದ ವಿಲೋ ಕಡ್ಡಿಗಳನ್ನು ಕೆಂಪು ದಾರದಲ್ಲಿ ಕಟ್ಟುತ್ತಿದ್ದಳು. ಭಾನುವಾರಕ್ಕೆ ಗರಿಯ ಬದಲು ಇಡೀ ಬೀದಿಗೆ ಹಂಚುವಷ್ಟು ಕಟ್ಟು.

"ಉಪವಾಸದ ದಿನ, ಬೆಣ್ಣೆ ಕೇಳ್ಬೇಡ," ಎಂದು ಕಾಫಿಯ ಪಕ್ಕ ಒಣ ರೊಟ್ಟಿ ಇಟ್ಟಳು. "ಕತ್ತೆ ಬರುತ್ತೆ ತಾನೇ?"

ಸುಳ್ಳು ಹೇಳಲು ಆಫ್ರಾಳಿಗೆ ನಾಲಗೆ ಏಳಲಿಲ್ಲ. "ಕಷ್ಟ ಇದೆ, ದೊಡ್ಡಮ್ಮ. ಯಾರೋ ಸ್ವಾಮಿಯ ಬೆರಳು ಕದ್ದಿದ್ದಾರೆ."

ದಾರ ಕಟ್ಟುತ್ತಿದ್ದ ಕೈ ನಿಂತಿತು. "ಯಾವ ಬೆರಳು?"

"ಬಲಗೈದು. ತೋರುಬೆರಳು, ನಡುಬೆರಳು."

"ಯಾವಾಗ?"

"ಮೊನ್ನೆ ಸೋಮವಾರ."

"ಮೊನ್ನೆ?" ಮುದುಕಿ ನಂಬಲಾರದವಳಂತೆ ನೋಡಿದಳು. ಮುಖ ಬಿಳಿಚಿಕೊಂಡಿತು. ಪಾಪ, ಹೃದಯ ಬಲವಿಲ್ಲದವಳಿಗೆ ಹೀಗೆ ಏಕಾಏಕಿ ಹೇಳಬಾರದಿತ್ತು ಎಂದು ಆಫ್ರಾ ತನ್ನನ್ನೇ ಬೈದುಕೊಂಡು ನೀರು ತರಲು ಎದ್ದಳು.

ನಲ್ಲಿಯ ಮೇಲೆ ಕನ್ನಡಿ. ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ್ದ ಕಪ್ಪು-ಬಿಳುಪು ಪೋಸ್ಟ್‌ಕಾರ್ಡು — ಕತ್ತೆ ಸಂಗ್ರಹಾಲಯ ಸೇರಿದ ಹೊಸದರಲ್ಲಿ ಅಚ್ಚಾದದ್ದು. ಹುಟ್ಟಿದಾಗಿನಿಂದ ನೋಡುತ್ತಿದ್ದ ಚಿತ್ರ. ಆಫ್ರಾ ಅಂದು ಮೊದಲ ಬಾರಿಗೆ ಅದರಲ್ಲಿ ಸ್ವಾಮಿಯ ಬಲಗೈ ನೋಡಿದಳು.

ಲೋಟ ತುಂಬಿ ನೀರು ಹರಿಯಿತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

"ದೊಡ್ಡಮ್ಮ, ಈ ಕಾರ್ಡು ಒಂದು ದಿನಕ್ಕೆ ತಗೊಂಡು ಹೋಗ್ಲಾ?"

"ತಗೊಂಡು ಹೋಗು," ಎಂದಳು ಬುರ್ಗಿ. ತಿರುಗಿಯೂ ನೋಡಲಿಲ್ಲ.

ಅಂದು ಸಂಜೆ ಆಫ್ರಾ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಹಳೆಯ ಕಡತ ಹುಡುಕಿ ತೆಗೆದಳು. ಗುರುವಾರ ಬೆಳಗ್ಗೆ ನಾಲ್ವರನ್ನೂ ಕತ್ತೆಯ ಮುಂದೆ ಸೇರಿಸಿದಳು. ಒಟ್ಮಾರ್ ಭಾನುವಾರದ ಕೋಟು ತೊಟ್ಟೇ ಬಂದಿದ್ದ.

"ಕಳ್ಳ ಸಿಕ್ಕನಾ?" ಎಂದರು ಎಬರ್ಲೆ.

"ಮೊದಲು ಒಂದು ಪ್ರಶ್ನೆ, ಡಾಕ್ಟರೇ. ಬೆರಳಿಗೆ ಎಷ್ಟು ವರ್ಷ?"

"ಹೇಳಿದೆನಲ್ಲ — ಐನೂರು!"

ಆಫ್ರಾ ಪೋಸ್ಟ್‌ಕಾರ್ಡನ್ನು ಅವರ ಕೈಗಿಟ್ಟಳು. "ಸರಿಯಾಗಿ ನೋಡಿ."

ಎಬರ್ಲೆ ಕನ್ನಡಕ ಏರಿಸಿದರು, ಇಳಿಸಿದರು. "ಇದರಲ್ಲೂ ಬೆರಳಿಲ್ಲವಲ್ಲ!"

"ಇಲ್ಲ. ಇಲ್ಲಿಗೆ ಬರುವಾಗಲೇ ಈ ಕೈಗೆ ಎರಡು ಬೆರಳಿರಲಿಲ್ಲ. ಮೂವತ್ತೈದು ವರ್ಷದ ಹಿಂದೆ ಹೊಸದಾಗಿ ಕೆತ್ತಿ ಅಂಟಿಸಿದ್ದು ಅಂತ ಕಡತದಲ್ಲಿದೆ. ನೀವು ಓದಿಲ್ಲ. ಅದಿರಲಿ. ಕಳ್ಳನಿಗೆ ಸುಲಭವಾಗಿ ಸಿಗ್ತಿದ್ದದ್ದು ಕಿವಿ — ಮುಟ್ಟಲಿಲ್ಲ. ಏಣಿ ಹತ್ತಿ, ಅಂಟನ್ನ ಬಿಸಿನೀರಲ್ಲಿ ನೆನೆಸಿ, ನಿಧಾನಕ್ಕೆ ಬೆರಳು ಬಿಡಿಸಿದ. ಯಾಕೆ? ಇಡೀ ಶಿಲ್ಪದಲ್ಲಿ ಹಳೆಯದಲ್ಲದ ಮರ ಅಂದ್ರೆ ಆ ಎರಡು ಬೆರಳು ಮಾತ್ರ. ಹಳೇ ಮರದ ಒಂದು ಎಳೆಗೂ ನೋವಾಗಬಾರದು ಅಂತ ಎಚ್ಚರವಹಿಸಿ ಕದ್ದ ಕಳ್ಳ ಇವನು. ಅಂಥವರು ಈ ಕಟ್ಟಡದಲ್ಲಿ ಒಬ್ಬರೇ. ಆ ಬೆರಳು ಕೆತ್ತಿದವರೂ ಅವರೇ."

ವೀಟಸ್ ಮೆಲ್ಲಗೆ, "ಹೆಡ್ವಿಗ್ ಅಮ್ಮ?" ಎಂದ.

ಹೆಡ್ವಿಗ್ ಏಪ್ರನ್ನಿನ ಜೇಬಿನಿಂದ ತೆಳು ಕಾಗದದ ಪೊಟ್ಟಣ ತೆಗೆದು ಹಲಗೆಯ ಮೇಲಿಟ್ಟಳು. ಎರಡು ಬೆರಳು.

"ಈಸ್ಟರ್ ಕಳೆದ ಮೇಲೆ ಸಿಕ್ಕಿತು ಅಂತ ತಂದುಕೊಡೋಳಿದ್ದೆ," ಎಂದಳು. "ಮೆರವಣಿಗೆ ನಿಂತ್ರೆ ಸಾಕಿತ್ತು."

"ಯಾಕಮ್ಮ?" ಎಂದ ಒಟ್ಮಾರ್. "ನಾವು ನಿನಗೇನು ಮಾಡಿದ್ವಿ?"

ಉತ್ತರವಾಗಿ ಅವಳು ಬಾಗಿ ಕತ್ತೆಯ ಮುಂಗಾಲನ್ನು ಗೆಣ್ಣಿನಿಂದ ತಟ್ಟಿದಳು. ಟಕ್ ಟಕ್. ಹಿಂಗಾಲನ್ನು ತಟ್ಟಿದಳು. ಖಾಲಿ ಡಬ್ಬಿಯ ಸದ್ದು.

"ಹುಳು ತಿಂದಿತ್ತು. ಆಗ ನನಗೆ ಇಪ್ಪತ್ತೆಂಟು. ಒಳಗೆ ಗಟ್ಟಿಯಾಗ್ಲಿ ಅಂತ ರಾಳ ತುಂಬಿದೆ. ಅದೇ ಒಳ್ಳೇದು ಅಂತಿದ್ರು ಆಗ. ಈಗ ಆ ರಾಳ ಕುಗ್ಗಿ, ಉಳಿದ ಮರಾನೂ ರಸ್ಕಿನ ಹಾಗೆ ಪುಡಿಪುಡಿ ಮಾಡಿದೆ. ಕಲ್ಲು ಹಾಸಿದ ಬೀದಿಲಿ ಎಳೆದ್ರೆ ನೂರು ಹೆಜ್ಜೆ ಬರಲ್ಲ. ಮುಗ್ಗರಿಸಿ ಬೀಳುತ್ತೆ. ಮಕ್ಕಳ ಮುಂದೆ."

"ಹಾಗಂತ ಬರೀಬೇಕಿತ್ತು!" ಎಬರ್ಲೆ ಸಿಡಿದರು. "ಯೋಗ್ಯ ಅಂತ ಸಹಿ ಹಾಕಿದ್ದೀರಲ್ಲ?"

"ಬರೀಬೇಕಿತ್ತು." ಹೆಡ್ವಿಗ್ ತನ್ನ ಕೈಗಳನ್ನೇ ನೋಡಿಕೊಂಡಳು. "ಬರೆದ್ರೆ, ಯಾರು ಹಾಳು ಮಾಡಿದ್ದು ಅಂತಲೂ ಬರೀಬೇಕಾಗ್ತಿತ್ತು. ಶುಕ್ರವಾರ ಪೆನ್ನು ಹಿಡಿದು ಒಂದು ಗಂಟೆ ಕೂತಿದ್ದೆ. ಆಗಲಿಲ್ಲ. ಕಳ್ಳಿ ಅನ್ನಿಸಿಕೊಳ್ಳೋದೇ ಸುಲಭ ಅನ್ನಿಸ್ತು."

"ಕೀಲಿಕೈ ಇಲ್ಲಿಡಿ," ಎಂದರು ಎಬರ್ಲೆ, ಕಡ್ಡಿ ಮುರಿದಂತೆ. "ನಾಳೆಯಿಂದ ಈ ಬಾಗಿಲೊಳಗೆ ಕಾಲಿಡಬೇಡಿ."

ಅವಳು ಕೀಲಿಕೈ ಗೊಂಚಲನ್ನು ಬೆರಳುಗಳ ಪಕ್ಕ ಇಟ್ಟಳು. ಹೋಗುವಾಗ ಕತ್ತೆಯ ಅಲ್ಲಾಡುವ ಕಿವಿಯನ್ನು ಒಮ್ಮೆ ನೆಟ್ಟಗೆ ಮಾಡಿದಳು. ವೀಟಸ್ ಟೋಪಿ ತೆಗೆದ.

ಕಳ್ಳ ಸಿಕ್ಕರೆ ಕತ್ತೆ ಊರಿಗೆ ಬರುತ್ತದೆ ಎಂದು ಆಫ್ರಾ ಎರಡು ದಿನ ಓಡಾಡಿದ್ದಳು. ಕಳ್ಳತನವೇನೋ ಬಯಲಾಯಿತು, ಕತ್ತೆ ಇನ್ನೆಂದೂ ಬರುವುದಿಲ್ಲ. ಇಷ್ಟು ಚೆನ್ನಾಗಿ ಬಿಡಿಸಿದ ಒಗಟು ಅವಳಿಗೆ ಇಷ್ಟು ಬೇಸರ ತಂದದ್ದಿಲ್ಲ. ಬಿಡಿಸದಿದ್ದರೇ ಚೆನ್ನಾಗಿತ್ತು ಎಂದೂ ಅನ್ನಿಸಿತು.

ಮಧ್ಯಾಹ್ನ ಕಾರ್ಡು ಹಿಂದಿರುಗಿಸಲು ಹೋದವಳು ಎಲ್ಲವನ್ನೂ ದೊಡ್ಡಮ್ಮನಿಗೆ ಹೇಳಿದಳು. ಬುರ್ಗಿ ಕೊನೆಯವರೆಗೂ ಕೇಳಿ, ಎದ್ದು, ಸೂಜಿದಾರದ ತಗಡಿನ ಡಬ್ಬಿ ತಂದಳು. ಗುಂಡಿಗಳ ಕೆಳಗೆ ಒಂದು ಮಗುವಿನ ಟೋಪಿ. ಟೋಪಿಯೊಳಗೆ ಎರಡು ಮರದ ಬೆರಳು — ಹುಳುಕು ತೂತು, ಅಲ್ಲಲ್ಲಿ ಉಳಿದ ತಿಳಿಗೆಂಪು ಬಣ್ಣ.

'ಯಾವ ಬೆರಳು?' ಎಂದು ಮೊದಲು ಕೇಳಿದವಳು ದೊಡ್ಡಮ್ಮ. ಎಲ್ಲರ ಮಾತನ್ನೂ ತೂಗಿ ನೋಡಿದ ಇನ್‌ಸ್ಪೆಕ್ಟರ್ ಆ ಒಂದು ಪ್ರಶ್ನೆಯನ್ನು ಹಾಗೇ ಬಿಟ್ಟಿದ್ದಳು.

"ಮಕ್ಕಳನ್ನ ಹಿಂದಿನಿಂದ ಹತ್ತಿಸ್ತಿದ್ರು," ಎಂದಳು ಬುರ್ಗಿ. "ನನಗೆ ಏಳು ವರ್ಷ, ತಡೆಯೋಕಾಗ್ಲಿಲ್ಲ. ಮುಂದಿನಿಂದ ಹತ್ತಿದೆ, ಸ್ವಾಮಿಯ ಕೈ ಹಿಡ್ಕೊಂಡು. ಲಟಕ್ ಅಂತು. ಯಾರಿಗೂ ಹೇಳ್ಲಿಲ್ಲ. ಆ ವರ್ಷವೇ ಕತ್ತೆ ಕೊಟ್ಬಿಟ್ರು. ನನ್ನಿಂದಲೇ ಊರಿಗೆ ಇಲ್ಲದ ಹಾಗಾಯ್ತು."

"ಹುಳು ಹಿಡಿದಿತ್ತು ಅಂತ ಕೊಟ್ಟಿದ್ದು, ದೊಡ್ಡಮ್ಮ. ಕಡತದಲ್ಲಿದೆ."

"ಈಗ ಹೇಳ್ತೀಯಾ!" ಮುದುಕಿ ನಗಲು ನೋಡಿದಳು, ಆಗಲಿಲ್ಲ. "ಭಾನುವಾರ ಬಂದ್ರೆ, ಯಾರೂ ನೋಡದ ಹಾಗೆ ಹಲಗೆ ಮೇಲಿಟ್ಟು ಬಂದ್ಬಿಡೋಣ ಅಂತಿದ್ದೆ. ಈಗ ನೀನೇ ಕೊಟ್ಬಿಡು."

ಅವಳು ಬೆರಳುಗಳನ್ನು ಅಂಗೈಯಲ್ಲಿ ಜೋಡಿಸಿಟ್ಟು ನೋಡಿದಳು.

"ಇದನ್ನ ಮೊದಲಿದ್ದ ಹಾಗೇ ಕೂರಿಸೋಕೆ ಬರೋರು ಅಲ್ಲಿ ಯಾರಾದ್ರೂ ಇದ್ದಾರಾ, ಮಗಳೇ?"

ಆಫ್ರಾ ಡಬ್ಬಿಯ ಮುಚ್ಚಳವನ್ನು ಕೈಯಲ್ಲಿ ಹಿಡಿದು ಸುಮ್ಮನೆ ತಿರುಗಿಸಿದಳು.

"ಒಬ್ಬರಿದ್ರು, ದೊಡ್ಡಮ್ಮ," ಎಂದಳು. "ಇವತ್ತು ಬೆಳಗ್ಗೆವರೆಗೂ ಇದ್ರು."