ಮೊಳೆಬನದ ರಿಯಾಯಿತಿ

"ಗಿಡಾ ಕಡೀರಿ, ಪೊದಿ ತಗೀರಿ, ನಾ ಏನೂ ಅನ್ನಂಗಿಲ್ಲ. ಮೊಳಿ ಮಾತ್ರ ಕೀಳಬ್ಯಾಡ್ರಿ, ಅಳಿಯಂದ್ರ," ಎಂದರು ರೂತಮ್ಮ.

ಅವರ ಬೆನ್ನ ಹಿಂದೆಯೇ ಒಲೆಯ ಮೇಲೆ ಹಾಲು ಉಕ್ಕಿ, ತಳ ಹೊತ್ತಿ, ಕಮಟು ಹೊಗೆ ಅಡಿಗೆಮನೆ ತುಂಬಿತ್ತು. ರೂತಮ್ಮನಿಗೆ ಅದರ ಪರಿವೆಯೇ ಇಲ್ಲ. ಕೆಲವು ವರ್ಷಗಳ ಹಿಂದೆ ಯಾವುದೋ ಜ್ವರದಲ್ಲಿ ಅವರ ಮೂಗಿಗೆ ವಾಸನೆ ಬರುವುದೇ ನಿಂತುಹೋಗಿತ್ತು. ಹಾಗೆಂದು ಅವರೇ ಹೇಳುತ್ತಿದ್ದರು. ರಿಚರ್ಡ ಎದ್ದು ಹೋಗಿ ಒಲೆ ಆರಿಸಿ ಬಂದು ನಕ್ಕ.

"ಮೊಳಿ ಹೊಡೆದ್ರ ನೋವಾಗೋದು ಗಿಡಕ್ಕರಿ ಅತ್ತಿ, ದೆವ್ವಕ್ಕಲ್ಲ. ನೀವು ನರ್ಸ್ ಇದ್ದವ್ರು, ನೀವೇ ಹಿಂಗಂದ್ರ ಹ್ಯಾಂಗ?"

ರೂತಮ್ಮ ಏನೋ ಹೇಳಲು ಬಾಯಿ ತೆರೆದರು. ಅಂಗಳದಲ್ಲಿ ಗಿಡಗಳಿಗೆ ನಂಬರು ಬರೆಯುವ ಆಟ ಆಡುತ್ತಿದ್ದ ಮೊಮ್ಮಗಳು ಶಾಲೋಮಳನ್ನು ಒಮ್ಮೆ ನೋಡಿ, ತೆರೆದ ಬಾಯಿ ಮುಚ್ಚಿಕೊಂಡರು. ಆ ಒಂದು ಮಾತನ್ನು ಅವರು ಅಂದೇ ಆಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ರಿಚರ್ಡ ಬೀದರ ಪೇಟೆಯವನು. ಗಾಂಧಿ ಗಂಜಿನ ದವಸಧಾನ್ಯದ ಅಡತಿ ಅಂಗಡಿಗಳಿಗೆ ತೆರಿಗೆಯ ಕಾಗದಪತ್ರ ಮಾಡಿಕೊಡುವುದು ಅವನ ಕಸುಬು. ಅತ್ತೆ ಒಬ್ಬರೇ ಆಗಿದ್ದಾರೆಂದು ಆ ವರ್ಷವಷ್ಟೇ ಹೆಂಡತಿ ಮಗಳೊಡನೆ ಭಾತಂಬ್ರಾಕ್ಕೆ ಬಂದು ನೆಲೆಸಿದ್ದ. ಹೆಂಡತಿ ಹೆಪ್ಸಿಬಾ ಔರಾದದ ಸಾಲೆಯಲ್ಲಿ ಟೀಚರು. ನಸುಕಿನಲ್ಲೇ ಬಸ್ಸು ಹಿಡಿದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಊರಾಚೆ ಅವರಿಗೊಂದು ಮರಗಳ ತೋಪಿತ್ತು. ಮಾವ ಬದುಕಿದ್ದಾಗ ಪ್ಲಾಟು ಹಾಕಿ ಮಾರುವ ಆಸೆಯಿಂದ ಅದನ್ನು ಎನ್.ಎ. ಮಾಡಿಸಿ, ಹೊಲದ ಲೆಕ್ಕದಿಂದ ತೆಗೆಸಿದ್ದರು. ಕೊಳ್ಳಲು ಒಬ್ಬನೂ ಬರಲಿಲ್ಲ, ತೆರಿಗೆ ಮಾತ್ರ ತಪ್ಪದೆ ಬರುತ್ತಿತ್ತು.

ಹೀಗಿರುವಾಗ ಸರಕಾರದ ಹೊಸ ಸವಲತ್ತೊಂದು ಬಂತು. ಜಾಗದಲ್ಲಿ ಮರ ಉಳಿಸಿ ಒಪ್ಪವಾಗಿ ನೋಡಿಕೊಳ್ಳುವ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ! ಸತ್ತ ಮರ ತೆಗೆಯಬೇಕು, ಒತ್ತಾಗಿ ಬೆಳೆದದ್ದನ್ನು ವಿರಳ ಮಾಡಬೇಕು, ಮರಮರಕ್ಕೂ ನಂಬರು ಬರೆಯಬೇಕು. ಕಾಂಡದಲ್ಲಿ ಒಂದು ಮೊಳೆಯೂ ಒಂದು ತಂತಿಯೂ ಇರಕೂಡದು. ರಿಯಾಯಿತಿ ಎಂಬ ಪದ ಕಿವಿಗೆ ಬಿದ್ದರೆ, ಅದು ಕೈಗೆ ಸಿಗುವ ತನಕ ರಿಚರ್ಡನಿಗೆ ಊಟ ರುಚಿಸುತ್ತಿರಲಿಲ್ಲ. ಮರುದಿನವೇ ಅರ್ಜಿ ಹಾಕಿದ.

ಆ ತೋಪಿಗೆ ಊರವರ ಹೆಸರು ಮೊಳೆಬನ. ಭಾಲ್ಕಿ ಕಡೆಯಿಂದ, ಔರಾದ ಕಡೆಯಿಂದ, ಗಡಿಯಾಚೆಯಿಂದಲೂ ಜನ ಬರುತ್ತಿದ್ದರು. ಮಾಟ ತಗುಲಿದವರು, ಗಾಳಿ ಹೊಕ್ಕವರು, ಎಲ್ಲ ಜಾತಿಯವರು, ಎಲ್ಲ ದೇವರ ಮಂದಿ. ಮೈಮೇಲಿನ ಪೀಡೆಯನ್ನು ಮೊಳೆಗೆ ಇಳಿಸಿ, ಮೊಳೆಯನ್ನು ಮರಕ್ಕೆ ಹೊಡೆದು, ಹಿಂದಿರುಗಿ ನೋಡದೆ ಹೋಗುತ್ತಿದ್ದರು. ಹುಣಸೆ, ಬೇವು, ಆಲ, ಯಾವ ಕಾಂಡ ಮುಟ್ಟಿದರೂ ಅಂಗೈಗೆ ತುಕ್ಕು ಹಿಡಿದ ತಲೆಗಳೇ ತಾಗುತ್ತಿದ್ದವು.

ಪೊದೆ ಕಡಿಯಲು ಬಂದ ಮಡೆಪ್ಪ ಎರಡು ವಾರ ಮೈಮುರಿದು ದುಡಿದ. ಮೊಳೆ ಕೀಳುವ ಮಾತು ಬಂದದ್ದೇ ಕುಡುಗೋಲು ಕೆಳಗಿಟ್ಟ. "ನನ್ನ ಕೂಲಿನೂ ಬ್ಯಾಡ್ರಿ, ಏನೂ ಬ್ಯಾಡ್ರಿ," ಎಂದವನು ಚಪ್ಪಲಿ ಕೈಯಲ್ಲಿ ಹಿಡಿದು ನಡೆದೇಬಿಟ್ಟ. ರಿಚರ್ಡ ಒಬ್ಬನೇ ಕಿತ್ತ. ಒಂದೊಂದು ಮೊಳೆಯೂ ಕಿರ್ರೆಂದು ಚೀರಿಕೊಂಡೇ ಹೊರಗೆ ಬರುತ್ತಿತ್ತು. ತೂತುಗಳಿಂದ ಕಪ್ಪು ರಸ ಇಳಿದು, ಕೂದಲು ಸುಟ್ಟಂಥ ವಾಸನೆ ತೋಪಿನ ತುಂಬ ನಿಂತಿತು. ಹಳೆಯ ಮರದ ಅಂಟಿರಬೇಕು ಎಂದುಕೊಂಡ. ಕಿತ್ತ ಮೊಳೆಗಳನ್ನು ಡಬ್ಬಿಗಟ್ಟಲೆ ಒಯ್ದು ತೋಪಿನ ಮೂಲೆಯ ಹಾಳು ಬಾವಿಗೆ ಸುರಿದ.

ಒಂದು ಮೊಳೆ ಮಾತ್ರ ಬೇರೆ ಥರ ಇತ್ತು. ಕುದುರೆ ಲಾಳಕ್ಕೆ ಹೊಡೆಯುವಂಥ ಚೌಕ ತಲೆಯದು. ಹಳೆಯ ಹುಣಸೆ ಮರದಲ್ಲಿ, ಮೂರು ವರ್ಷದ ಕೂಸನ್ನು ನಿಲ್ಲಿಸಿದರೆ ನೆತ್ತಿ ಬರುವಷ್ಟು ಎತ್ತರದಲ್ಲಿ ಇಳಿದಿತ್ತು. ಚೆಂದ ಕಂಡಿತೆಂದು ಅದನ್ನು ಜೇಬಿಗೆ ಹಾಕಿಕೊಂಡು ಹೋಗಿ ಶಾಲೋಮಳ ಕೈಗೆ ಕೊಟ್ಟ. "ಹಳೇ ಕಾಲದ್ದು ನೋಡವ್ವಾ."

ಮರುದಿನ ಮಟಮಟ ಮಧ್ಯಾಹ್ನ. ಶಾಲೋಮ ಅಂಗಳದಲ್ಲಿ ಕುಳಿತು ಏನೋ ಹರಟುತ್ತಿದ್ದಳು. ಬಾಯಿಗೆ ಬಿಡುವಿಲ್ಲದ ಹುಡುಗಿ. ಮಾತು ಅರ್ಧಕ್ಕೆ ನಿಂತಿತು. ಬಾಯಿ ತೆರೆದೇ ಉಳಿಯಿತು. ಕಣ್ಣಗುಡ್ಡೆ ಮೇಲೆ ಹೋಯಿತು. ಆ ಪುಟ್ಟ ಗಂಟಲಿನಿಂದ ಮುದುಕನೊಬ್ಬನ ಗೊಗ್ಗರು ದನಿ ಹೊರಟಿತು.

"ನನ್ನ ಜಾಗಾ ಯಾರು ತಗದ್ರು?"

ಆಮೇಲೆ ಉಸಿರು ನಿಂತಿತು. ತುಟಿ ನೀಲಿಯಾಯಿತು. ರಿಚರ್ಡ ಮಗಳನ್ನು ಬಾಚಿಕೊಂಡು ಹುಚ್ಚನ ಹಾಗೆ ಕೂಗುತ್ತಿರುವಾಗ ಉಸಿರು ತಾನಾಗಿ ಮರಳಿತು. ಮೂರು ವರ್ಷದವಳಿದ್ದಾಗಲೂ ಹೀಗೇ ಉಸಿರು ನಿಲ್ಲುತ್ತಿತ್ತು. ಆಗ ಬೀದರಿನ ಡಾಕ್ಟರು ಕೊಟ್ಟ ಔಷಧದಿಂದ ಗುಣವಾಯಿತೆಂದು ಅವನು ತಿಳಿದಿದ್ದ. ಈಗ ಅದೇ ಡಾಕ್ಟರು, ಅದೇ ಔಷಧ. ತಲೆಯ ಫೋಟೊ, ರಕ್ತ, ಎಲ್ಲ ಸರಿಯಾಗಿದೆ ಎಂದರು. ದಿನದಿನವೂ ನೆರಳು ಕಾಲ ಕೆಳಗೆ ಬಂದ ಹೊತ್ತಿಗೆ ಮುದುಕ ಬರುತ್ತಿದ್ದ, ಉಸಿರು ನಿಲ್ಲುವ ಹೊತ್ತು ದಿನದಿನವೂ ಬೆಳೆಯುತ್ತಿತ್ತು. ಮಗಳು ಹೋಗಿಬಿಡುತ್ತಾಳೆಂದು ರಿಚರ್ಡನಿಗೆ ಖಾತ್ರಿಯಾಗತೊಡಗಿತು. ಹೆಪ್ಸಿಬಾ ಸಾಲೆಗೆ ರಜೆ ಹಾಕಿ ಮಗಳ ಕಾಲ ಬಳಿ ಕುಳಿತಳು.

ಊರಿನಲ್ಲೂ ಶುರುವಾಗಿತ್ತು. ಬಸ್ಟ್ಯಾಂಡಿನ ಚಹಾದಂಗಡಿಯವನು ಗಾಜಿನ ಲೋಟ ಕಚ್ಚಿ ತಿಂದ. ಬಾಣಂತಿಯೊಬ್ಬಳು ಕೂಸಿನ ಕಡೆಗೆ ಬೆನ್ನು ಮಾಡಿ ಗೋಡೆಯೊಂದಿಗೆ ನಗತೊಡಗಿದಳು. ಜನ ರಿಚರ್ಡನ ಗೇಟಿನ ಮುಂದೆ ಬಂದು ನಿಂತರು. ಬೈಯಲಿಲ್ಲ, ಕಲ್ಲು ತೂರಲಿಲ್ಲ.

"ನಮ್ಮ ಮೊಳಿ ಕೊಡ್ರಿ, ಸಾಹೇಬ್ರ. ನಮ್ಮ ಮೊಳಿ ನಮಗ ಕೊಡ್ರಿ."

ಆ ಸಂಜೆ ರೂತಮ್ಮ ಅಳಿಯನ ಮುಂದೆ ಬಂದು ನಿಂತರು.

"ನನಗ ವಾಸನಿ ಬರಲಕತ್ತದರಿ. ನೀವು ಆ ಚೌಕ ತಲಿ ಮೊಳಿ ತಂದ ದಿನದಿಂದ. ಹಾಲಿಂದು, ಸಾಬೂನಿಂದು, ಎಲ್ಲಾದ್ದು."

ರಿಚರ್ಡನಿಗೆ ಅರ್ಥವಾಗಲಿಲ್ಲ.

"ಶಾಲೋಮಗ ಔಷಧದಿಂದ ಆರಾಮಾಗಿರ್ಲಿಲ್ಲರಿ. ನಮ್ಮ ತೋಪಿನ ಜಾಗಕ್ಕ ನಡದಿದ್ದ ಜಗಳದಾಗ ಯಾರೋ ನಮ್ಮ ಮನಿಗಿ ಮಾಟ ಮಾಡ್ಸಿದ್ರು. ಅದು ಕೂಸಿಗಿ ಬಡೀತು. ನಾ ಮಾಟ ತಗಿಯೋ ಮುನ್ನಿಬೀ ಕಡಿಂದ ಅದನ್ನ ಹುಣಸಿಗಿಡಕ್ಕ ಹೊಡಸಿದೆ. ಹೊಡಸಿದವ್ರು ತಮ್ದೊಂದು ಕೊಡಬೇಕು. ನನ್ನ ಮೂಗು ತೊಗೊಂಡ್ತು. ಮೊಳಿ ಕಿತ್ತಕೂಡ್ಲೆ ಹೊಳ್ಳಿ ಕೊಟ್ತು."

"ಮತ್ತ ನನಗ ಯಾಕ ಹೇಳಲಿಲ್ಲರಿ, ಅತ್ತಿ?" ರಿಚರ್ಡನ ದನಿ ಒಡೆಯಿತು.

"ಹ್ಯಾಂಗ ಹೇಳಲ್ರಿ? ಜೀವಮಾನ ಸೂಜಿ ಹಿಡಿದಾಕಿ ನಾ. ಚರ್ಚಿನಾಗ ಮುಂದಿನ ಬೆಂಚಿಗಿ ಕೂಡಾಕಿ. ನಾಚಿಕಿ ಆಯ್ತು."

ಮಾನಕ್ಕೆ ಅಂಜಿದ ಅತ್ತೆ, ನಗೆಯಾಡಿದ ಅಳಿಯ. ಇಬ್ಬರ ನಡುವೆ ಸಿಕ್ಕಿದ್ದು ಆ ಕೂಸು. ರಿಚರ್ಡ ಮಗಳ ಬಳಿಯಿದ್ದ ಚೌಕ ಮೊಳೆ ತೆಗೆದುಕೊಂಡು ಮುನ್ನಿಬೀಯ ಮನೆಗೆ ನಡೆದ.

ಮುನ್ನಿಬೀ ಹಾಸಿಗೆ ಹಿಡಿದಿದ್ದಳು. ಲೋಬಾನದ ಹೊಗೆಯಲ್ಲಿ ಅವಳ ಮುಖ ಸರಿಯಾಗಿ ಕಾಣಲಿಲ್ಲ. ಚೌಕ ಮೊಳೆಯನ್ನು ಮುಟ್ಟದೆ ದೂರದಿಂದಲೇ ನೋಡಿದಳು.

"ಕಿತ್ತಾಂವನೇ ಹೊಡೀಬೇಕು, ಬೇಟಾ. ನಡು ಮಧ್ಯಾಹ್ನದಾಗ ಮೊಳಿ ನಾಲಿಗಿ ಕೆಳಗ ಇಟ್ಕೊಂಡು ಹೋಗು. ಅದು ಏನರ ಕೇಳ್ತದ. ಚೌಕಾಸಿ ಮಾಡಬ್ಯಾಡ. ಇದರಾಗ ರಿಯಾಯ್ತಿ ಇಲ್ಲ."

"ಮತ್ತ ಯಾರರ ಕಿತ್ರ?"

"ಮತ್ತ ಕಿತ್ರ ಮುಗೀತು. ಎರಡನೇ ಸಲ ಕಿತ್ತ ಮೊಳಿ ಯಾವ ಗಿಡದಾಗೂ ನಿಲ್ಲಂಗಿಲ್ಲ." ಆಮೇಲೆ ಅವಳೇ ಕೇಳಿದಳು. "ಉಳಿದವ್ರ ಮೊಳಿ?"

"ಬಾವ್ಯಾಗ ಒಗದೇನಿ."

ಮುನ್ನಿಬೀ ಗೋಡೆಯ ಕಡೆ ಹೊರಳಿ ಮಲಗಿದಳು.

ಮರುದಿನ ನೆತ್ತಿಯ ಮೇಲೆ ಸೂರ್ಯ ಸುಡುತ್ತಿರುವಾಗ ರಿಚರ್ಡ ಸುತ್ತಿಗೆ ಹಿಡಿದು ತೋಪಿಗೆ ಹೊಕ್ಕ. ನಾಲಿಗೆಯ ಕೆಳಗೆ ತುಕ್ಕಿನ ಒಗರು. ಪೊದೆ ಕಡಿಸಿ, ಮರ ವಿರಳ ಮಾಡಿಸಿ, ಬಿಸಿಲು ನೆಲಕ್ಕೆ ಬೀಳುವ ಹಾಗೆ ಅವನೇ ಮಾಡಿಸಿದ್ದ ತೋಪು. ಆದರೂ ನಾಲ್ಕು ಹೆಜ್ಜೆಗೆ ಕತ್ತಲಾಯಿತು. ಹಿಂದಿರುಗಿ ನೋಡಿದರೆ ರಸ್ತೆಯ ಬಿಸಿಲು ಅಲ್ಲೇ ಇತ್ತು. ಒಳಗೆ ಬರುತ್ತಿರಲಿಲ್ಲ. ಹಕ್ಕಿಯಿಲ್ಲ, ಗಾಳಿಯಿಲ್ಲ. ಸುಟ್ಟ ಕೂದಲಿನ ವಾಸನೆ. ಕಾಂಡಗಳ ಮೇಲಿನ ತೂತುಗಳು ಉಸಿರಾಡುತ್ತಿದ್ದವು. ಬಿಸಿ ಉಸಿರು ಅವನ ಕೆನ್ನೆಗೆ, ಕತ್ತಿಗೆ ತಾಗುತ್ತಿತ್ತು. ಮೂಲೆಯ ಬಾವಿಯಿಂದ ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಸದ್ದು ಮೇಲೇಳುತ್ತಿತ್ತು.

ಹುಣಸೆ ಮರ. ಬೆರಳಿನಿಂದ ತಡಕಿದ. ತೂತು ಸಿಕ್ಕಿತು. ಬೆರಳನ್ನು ಏನೋ ನೆಕ್ಕಿತು. ಕೈ ಹಿಂದಕ್ಕೆ ಎಳೆದ. ಕಿವಿಯ ಪಕ್ಕದಲ್ಲೇ ಮುದುಕನ ದನಿ.

"ಏನು ಕೊಡ್ತಿ?"

ಮೊಳೆಯನ್ನು ಬಾಯಿಂದ ತೆಗೆದ. ಎಂಜಲು ಸುರಿಯಿತು. ಮಗಳ ನೀಲಿ ತುಟಿ ಕಣ್ಣ ಮುಂದೆ ಬಂತು.

"ಕೊಡ್ತೇನಿ. ಏನ್ ಬೇಕೋ ತೊಗೋ. ಕೂಸಿನ ಬಿಡು."

ಹೊಡೆದ. ಮರ ನರಳಿತು. ಹೊಡೆದ. ಗಂಟಲಲ್ಲಿ ಏನೋ ಹರಿಯಿತು. ಹೊಡೆದ. ಹೊಡೆದ. ಮೊಳೆ ಒಳಗೆ ಹೋಯಿತು. ಕತ್ತಲು ಸರಿದು ಬಿಸಿಲು ಬಿತ್ತು, ಎಲ್ಲೋ ಒಂದು ಗಿಳಿ ಕೂಗಿತು. ದೇವರೇ ಎನ್ನಲು ಬಾಯಿ ತೆರೆದ. ಬರೀ ಗಾಳಿ ಬಂತು.

ಮನೆಯಲ್ಲಿ ಶಾಲೋಮ ಎದ್ದು ಕುಳಿತು ರೊಟ್ಟಿ ಕೇಳುತ್ತಿದ್ದಳು. ರೂತಮ್ಮ ಮೊಮ್ಮಗಳ ತಲೆಗೆ ಮೂಗು ಹಚ್ಚಿ, ಎಣ್ಣೆಯ ವಾಸನೆ ಎಳೆದುಕೊಂಡು, ಬಿಕ್ಕಿ ಬಿಕ್ಕಿ ಅತ್ತರು. ರಿಚರ್ಡ ಮೂಕನಾಗಿ ಬಾಗಿಲಲ್ಲಿ ನಿಂತಿದ್ದ.

ಒಂದು ಬೇಸಿಗೆ ಕಳೆಯಿತು. ಹೆಪ್ಸಿಬಾ ಅಂದಿನಿಂದ ಅವನಿಗೆ ಫೋನು ಮಾಡುವುದನ್ನೇ ಬಿಟ್ಟಳು. ಮೂಕನಿಗೆ ಫೋನು ಮಾಡಿ ಏನು ಪ್ರಯೋಜನ, ಮೆಸೇಜು ಕಳಿಸುತ್ತಿದ್ದಳು. ಬಾಣಂತಿ ತನ್ನ ಮೊಳೆ ಹುಡುಕುತ್ತ ಹಾಳು ಬಾವಿಗೆ ಇಳಿದವಳು ಮೇಲೆ ಬರಲಿಲ್ಲ. ಅವಳ ಕೂಸಿಗೆ ಹಾಲು ಕಳಿಸುವುದು ಬಿಟ್ಟರೆ ರಿಚರ್ಡನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಊರಲ್ಲಿ ಯಾರೂ ಅವನ ಮುಖ ನೋಡುತ್ತಿರಲಿಲ್ಲ. ತನ್ನ ಮಗಳೊಬ್ಬಳು ಉಳಿದಳೆಂಬುದೇ ಅವನಿಗೆ ಸಾಕಾಗಿತ್ತು, ಆ ಸಾಕೆಂಬುದೇ ಅವನನ್ನು ತಿನ್ನುತ್ತಿತ್ತು.

ರಿಯಾಯಿತಿ ಬೇಡವೆಂದು ಅವನು ಬರೆದು ಕೊಟ್ಟಿದ್ದ. ಸ್ಥಳ ನೋಡದೆ ಅರ್ಜಿ ಮುಚ್ಚಲು ಬರುವುದಿಲ್ಲವಂತೆ! ಬೇಡವೆಂದರೂ ಬಂದೇ ಬರುವುದು ಸರಕಾರದ ಕೃಪೆಯೊಂದೇ. ಸಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ ಭಾಲಚಂದ್ರ ಎಂಬ ತಪಾಸಣೆಯ ಅಧಿಕಾರಿ ಬಂದ. ಒಳ್ಳೆಯ ಮನುಷ್ಯ. ಮರಗಳೆಂದರೆ ಪ್ರಾಣ. ಕಾಂಡ ಕಾಂಡಗಳನ್ನೂ ದನದ ಮೈ ಸವರುವಂತೆ ಸವರುತ್ತ ನಡೆದ. ರಿಚರ್ಡ ಓಡಿ ಹೋಗಿ ಹುಣಸೆಗೆ ಬೆನ್ನು ಕೊಟ್ಟು ನಿಂತ. ಮೊಳೆಯ ತಲೆಗೆ ಅವನು ಮಣ್ಣು ಮೆತ್ತಿ ಮುಚ್ಚಿದ್ದ.

"ಭಾಳ ಛಂದ ಇಟ್ಟೀರಿ, ಸರ. ಜಿಲ್ಲಾದಾಗ ಇಂಥಾ ತೋಪು ನಾ ನೋಡಿಲ್ಲ." ಭಾಲಚಂದ್ರ ಹತ್ತಿರ ಬಂದು ಬಗ್ಗಿದ. "ಇಲ್ಲಿ ಹುಳ ಹತ್ತ್ಯಾವೇನು? ಮಣ್ಣು ಅದಲ್ಲ."

ರಿಚರ್ಡ ಎರಡೂ ಕೈ ಬೀಸಿದ. ಬೇಡ, ಬೇಡ. ಭಾಲಚಂದ್ರನಿಗೆ ಅದು ಮೂಕನ ಸಂಕೋಚವಾಗಿ ಕಂಡಿತು. ಅವನ ಭುಜ ತಟ್ಟಿ, ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮಣ್ಣು ಕೆರೆದ. ಚೌಕ ತಲೆ ಕಂಡಿತು.

"ಒಂದು ಮೊಳಿ ಉಳಿದದ. ಅಂಜಬ್ಯಾಡ್ರಿ, ನಾ ಬರಕೊಳ್ಳಂಗಿಲ್ಲ."

ರಿಚರ್ಡ ಫೋನು ತೆಗೆದ. ಬರೆದ. ಅಕ್ಷರ ತಪ್ಪಿತು. ಅಳಿಸಿದ. ಮತ್ತೆ ಬರೆದ. ಮೊಳೆ ಮುಟ್ಟಬೇಡಿ, ನನ್ನ ಮಗಳ ಜೀವ. ತಲೆ ಎತ್ತಿ ಫೋನನ್ನು ಮುಂದಕ್ಕೆ ಚಾಚಿದ. ಭಾಲಚಂದ್ರನ ಕೈಯಲ್ಲಿ ಇಕ್ಕಳವಿತ್ತು.

"ಗಿಡಕ್ಕ ನೋವಾಗ್ತದರಿ ಪಾಪ," ಎನ್ನುತ್ತ ಅವನು ಎಳೆದ.

ಕಿರ್ರೆಂದಿತು.

"ಬ್ಯಾಡ್ರೀ!"

ತೋಪೆಲ್ಲ ಮೊಳಗಿತು. ಭಾಲಚಂದ್ರ ಬೆಚ್ಚಿ ಹಿಂದೆ ಸರಿದ. "ಅರೆ, ನಿಮಗ ಮಾತು ಬರ್ತದ!"

ರಿಚರ್ಡ ತನ್ನ ಗಂಟಲನ್ನು ಎರಡೂ ಕೈಯಿಂದ ಹಿಡಿದುಕೊಂಡ. ದನಿ ಅವನದೇ. ಸ್ಪಷ್ಟವಾಗಿ, ಮೊದಲಿನ ಹಾಗೆಯೇ ಇತ್ತು. ಸುಟ್ಟ ಕೂದಲಿನ ವಾಸನೆ ನಿಧಾನವಾಗಿ ಸುತ್ತುವರಿಯಿತು. ಕೈಯಿಂದ ಜಾರಿ ಎಲೆಗಳ ಮೇಲೆ ಬಿದ್ದಿದ್ದ ಫೋನು ರಿಂಗಾಗತೊಡಗಿತು. ತಿಂಗಳುಗಳ ನಂತರ, ಮನೆಯಲ್ಲಿ ಮಗಳೊಡನಿದ್ದ ಹೆಪ್ಸಿಬಾ ಅವನಿಗೆ ಫೋನು ಮಾಡುತ್ತಿದ್ದಳು.

ಅದನ್ನು ಎತ್ತಿ ಮಾತಾಡಲು ಈಗ ಅವನಿಗೆ ದನಿಯಿತ್ತು.