ಝಳಕಿಯಿಂದ ಬಂದ ಫ್ಲಾಪಿ

"ಇದು ಕೆಟ್ಟೈತಿ ಅಂತ ಮೂರು ಕಡೆ ಹೇಳ್ಯಾರ. ನೀವೂ ಹಂಗ ಹೇಳಿದ್ರ, ನಾ ಇನ್ನ ಯಾರನ್ನೂ ಕೇಳಂಗಿಲ್ರಿ."

ಬಂದೇನವಾಜ ತಲೆ ಎತ್ತಿದ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು ಒಬ್ಬ ಹೆಣ್ಣುಮಗಳು ಎದುರಿಗೆ ನಿಂತಿದ್ದಳು. ಮೇಜಿನ ಮೇಲೆ ಒಂದು ಫ್ಲಾಪಿ ಇಟ್ಟಿದ್ದಳು. ಇಟ್ಟ ಕೈಯನ್ನು ಮಾತ್ರ ಅದರ ಮೇಲಿಂದ ತೆಗೆದಿರಲಿಲ್ಲ.

"ಕೈ ತಗದ್ರ ನೋಡಬಹುದ್ರಿ," ಎಂದ.

ಅವಳು ನಾಚಿ ಕೈ ತೆಗೆದಳು. ಆದರೆ ನಗಲಿಲ್ಲ.

ಅದು ಎರಡು ಸಾವಿರದ ನಾಲ್ಕನೆಯ ಇಸವಿ. ಸಿಂದಗಿ ಬಸ್ ಸ್ಟ್ಯಾಂಡಿನ ಎದುರು, ಗೊಬ್ಬರದಂಗಡಿಯ ಮಹಡಿಯ ಮೇಲೆ ಬಂದೇನವಾಜನ ಕಂಪ್ಯೂಟರ್ ಸೆಂಟರ್. ಅರ್ಜಿ, ಲಗ್ನಪತ್ರಿಕೆ ಟೈಪು ಮಾಡುವುದು ಹೊಟ್ಟೆಪಾಡು. ಬಿಡುವಿನಲ್ಲಿ ಅವನು ಇನ್ನೊಂದು ಕೆಲಸ ಹಚ್ಚಿಕೊಂಡಿದ್ದ. ಬಸವನ ಬಾಗೇವಾಡಿಯ ಗುರಲಿಂಗಪ್ಪ ಮಾಸ್ತರರೂ ಅವರ ಗೆಳೆಯರೂ ಸೇರಿ, ಪುಕ್ಕಟೆ ಸಿಗುವ ಒಂದು ಟೆಕ್ಸ್ಟ್ ಎಡಿಟರಿಗೆ, ಅಂದರೆ ಬರಹ ತೆರೆದು ತಿದ್ದುವ ತಂತ್ರಾಂಶಕ್ಕೆ, ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದರು. ಅದರಲ್ಲಿ ಚಿತ್ರಗಳ ಅಧ್ಯಾಯ ಇವನ ಪಾಲಿಗೆ ಬಂದಿತ್ತು. ಒಂದು ಫೈಲು ಬರಹವೋ ಚಿತ್ರವೋ ಎಂದು ಎಡಿಟರ್ ಹೇಗೆ ಗುರುತು ಹಿಡಿಯುತ್ತದೆ, ಹಿಡಿದ ಮೇಲೆ ಹೇಗೆಲ್ಲ ತೋರಿಸುತ್ತದೆ ಎಂಬುದನ್ನು ಬರೆಯಬೇಕಿತ್ತು. ಮೂವತ್ತೆರಡು ದಾಟಿದರೂ ಅವನಿಗೆ ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, "ಕರೆಂಟ್ ಇದ್ದಾಗ ಕೆಲಸ ಇರ್ತೈತಿ, ಕರೆಂಟ್ ಹೋದಾಗ ಹೆಣ್ಣು ಕಾಣಂಗಿಲ್ಲ," ಎಂದು ನಗಿಸಿ ಕಳಿಸುತ್ತಿದ್ದ.

ಫ್ಲಾಪಿಯಲ್ಲಿ ಒಂದೇ ಫೈಲು ಇತ್ತು. ಹೆಸರಿನ ಪ್ರಕಾರ ಅದು ಬರಹ. ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು ಚೆಲ್ಲಿಕೊಂಡವು.

"ಎಲ್ಲಾ ಕಡೆ ಹಿಂಗ ಬರ್ತೈತ್ರಿ," ಎಂದಳು ಅವಳು, ಅವನ ಹಿಂದೆ ಬಂದು ನಿಂತು, ಸೋತ ದನಿಯಲ್ಲಿ.

"ತಡೀರಿ." ಅವನು ಮೊದಲ ಸಾಲಿನ ಮೇಲೆ ಬೆರಳಿಟ್ಟ. ಆ ರಾಶಿಯ ನಡುವೆ ನಾಲ್ಕು ಇಂಗ್ಲಿಷ್ ಅಕ್ಷರಗಳು ಮಾತ್ರ ನೆಟ್ಟಗಿದ್ದವು. "ಕ್ಯಾಮೆರಾ ತನ್ನ ಫೋಟೋದ ತಲಿ ಮ್ಯಾಲ ಹಾಕೋ ಗುರುತು ಇದು. ಯಾರೋ ತೆರೀಲಾಕ ಹೋಗಿ ಫೈಲಿನ ಹೆಸರು ಬದಲಿ ಮಾಡ್ಯಾರ. ಎಡಿಟರ್ ಹೆಸರು ನೋಡಿ ಮೋಸ ಹೋಗಾಕತ್ತೈತಿ."

ಅಂದು ಬೆಳಿಗ್ಗೆಯಷ್ಟೇ ಅವನು ಆ ಭಾಗ ಬರೆದಿದ್ದ. ಹೆಸರನ್ನು ನಂಬದೆ ಫೈಲಿನ ಮೊದಲ ಅಕ್ಷರಗಳನ್ನು ನೋಡಿ ತೀರ್ಮಾನಿಸು ಎಂದು ಎಡಿಟರಿಗೆ ಹೇಳುವ ಒಂದು ಆಯ್ಕೆ ಇತ್ತು. ಅದನ್ನು ಒತ್ತಿದ.

ಚಿಹ್ನೆಗಳೆಲ್ಲ ಮಾಯವಾಗಿ ಪರದೆಯ ತುಂಬ ನೀಲಿ ಬಟ್ಟೆ, ಅದರ ನಡುವೆ ಒಂದು ಬಿಳಿ ಗುಂಡಿ ಕಂಡಿತು. ಚಿತ್ರ ಪರದೆಗಿಂತ ಎಷ್ಟೋ ದೊಡ್ಡದಿದ್ದುದರಿಂದ ಒಂದು ಮೂಲೆಯಷ್ಟೇ ಕಂಡಿತ್ತು. ಗುಂಡಿಯನ್ನು ಕೆಂಪು ದಾರದಿಂದ ಹೊಲಿದಿದ್ದರು.

ಹಿಂದಿನಿಂದ ಅವಳ ಬೆರಳು ಬಂದು ಗುಂಡಿಯನ್ನು ಮುಟ್ಟಿತು. "ಅದು ನಾ ಹಚ್ಚಿದ್ದು. ನೀಲಿ ದಾರ ಮುಗದಿತ್ತು..."

'ಕಿಟಕಿಗೆ ಹೊಂದಿಸು' ಎಂಬುದನ್ನು ಒತ್ತಿದ. ಚಿತ್ರ ಕುಗ್ಗಿ ಪೂರ್ತಿ ಕಂಡಿತು. ರಸ್ತೆಬದಿಯ ಟೈರ್ ಅಂಗಡಿಯ ಮುಂದೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದ ಒಬ್ಬ ತರುಣ.

ಅವಳು ಕುರ್ಚಿ ಹಿಡಿದುಕೊಂಡು ಕೂತಳು. ಬಹಳ ಹೊತ್ತು ಅತ್ತಳು. ಬಂದೇನವಾಜ ಎದ್ದು ಹೋಗಿ ಬಾಗಿಲಲ್ಲಿ ನಿಂತ. ಮೆಟ್ಟಿಲೇರಿ ಬಂದವರನ್ನೆಲ್ಲ "ಮಶೀನ್ ಬಂದ್ ಐತ್ರಿ" ಎಂದು ವಾಪಸ್ ಕಳಿಸಿದ.

ಅವಳ ಹೆಸರು ಮುಬೀನಾ. ತವರು ಸಿಂದಗಿ, ಕೊಟ್ಟದ್ದು ಇಂಡಿ ತಾಲ್ಲೂಕಿನ ಝಳಕಿಗೆ. ಗಂಡ ಬಾಬುಲಾಲ ಮದುವೆಯಾದ ಹನ್ನೊಂದು ತಿಂಗಳಿಗೆ ಕಾಮಾಲೆಯಿಂದ ತೀರಿಕೊಂಡಿದ್ದ. ಮನೆಯಲ್ಲಿ ಫೋಟೋ ತೆಗೆಸುವ ರೂಢಿ ಇರಲಿಲ್ಲ. ಹೈವೇ ಅಳೆಯಲು ಬಂದ ಎಂಜಿನಿಯರೊಬ್ಬರು ಅವನ ಅಂಗಡಿಯಲ್ಲಿ ಟೈರು ಹಾಕಿಸಿಕೊಳ್ಳುವಾಗ ಇದೊಂದನ್ನು ತೆಗೆದು ಫ್ಲಾಪಿಗೆ ಹಾಕಿ ಕೊಟ್ಟು ಹೋಗಿದ್ದರು.

* * *

ಮುಬೀನಾ ಶಿಕ್ಷಕರ ತರಬೇತಿ ಮುಗಿಸಿ ಸರಕಾರಿ ಸಾಲೆಯ ನೇಮಕಕ್ಕೆ ಕಾಯುತ್ತಿದ್ದಳು. ಐತವಾರ ತವರಿಗೆ ಬಂದಾಗ ಕಂಪ್ಯೂಟರ್ ಕಲಿಯಲು ಬರತೊಡಗಿದಳು. ಎರಡನೆಯ ವಾರವೇ ಪ್ರಿಂಟರಿನ ಪಕ್ಕ ಬಿದ್ದಿದ್ದ ಅವನ ಅಧ್ಯಾಯ ಅವಳ ಕೈಗೆ ಸಿಕ್ಕಿತು.

"'ಚಿತ್ರವು ಎಡಿಟರಿನಿಂದ ಪ್ರದರ್ಶಿಸಲ್ಪಡತಕ್ಕದ್ದಾಗಿರುತ್ತದೆ'," ಎಂದು ಓದಿ ತಲೆ ಎತ್ತಿದಳು. "ಸರ, ಇದನ್ನ ಬರದವರು ಯಾವ ಕೋರ್ಟಿನವರ್ರಿ?"

"ನಾನ ಬರದೇನ್ರಿ, ಟೀಚರ."

"'ಎಡಿಟರ್ ಚಿತ್ರ ತೋರಿಸುತ್ತದೆ' ಅಂದ್ರ ಏನ ಕಡಿಮಿ ಆಗ್ತಿತ್ತು?"

"ಪುಸ್ತಕ ತೆಳ್ಳಗ ಆಗ್ತಿತ್ತು."

ಅವಳು ನಕ್ಕಳು. ಅದೇ ಮೊದಲು. ನಗು ತುಟಿಗೆ ಬರುವ ಮುನ್ನ ಅವಳ ಎಡಹುಬ್ಬು ಚೂರು ಮೇಲೇರುತ್ತಿತ್ತು. ಮುಂದಿನ ಐತವಾರಗಳಲ್ಲಿ ಬಂದೇನವಾಜ ಆ ಹುಬ್ಬಿಗಾಗಿ ಬೇಕೆಂದೇ ಕೆಟ್ಟ ವಾಕ್ಯ ಬರೆದಿಟ್ಟ.

"ಸರ, ಹೋದ ವಾರ ಇಷ್ಟು ತಪ್ಪು ಇರಲಿಲ್ಲ."

"ಕಲಿಸೋರು ಸಿಕ್ಕ ಮ್ಯಾಲ ತಪ್ಪು ಜಾಸ್ತಿ ಆಗ್ತಾವ್ರಿ."

ಅವಳು ಕಾಗದದಿಂದ ಕಣ್ಣೆತ್ತಲಿಲ್ಲ. ಪೆನ್ನು ಮಾತ್ರ ನಿಂತಿತು. ಆಮೇಲೆ ನಿಧಾನಕ್ಕೆ ಮುಂದಿನ ಸಾಲಿಗೆ ಹೋಯಿತು.

ಒಂದು ಐತವಾರ ಅವಳು ಅರ್ಧ ಗಂಟೆ ಮೊದಲೇ ಬಂದಳು. ಬಂದೇನವಾಜನ ಪರದೆಯ ಮೇಲೆ ಬಾಬುಲಾಲ ಇದ್ದ. ಚಿತ್ರ ತಿರುಗಿಸುವ ಆಯ್ಕೆಯನ್ನು ಪರೀಕ್ಷಿಸಲು ಅವನು ಅದನ್ನೇ ತೆರೆದಿದ್ದ. ಬಾಬುಲಾಲ ತಲೆಕೆಳಗಾಗಿ ನಗುತ್ತಿದ್ದ.

ಮುಬೀನಾ ಬಾಗಿಲಲ್ಲೇ ನಿಂತಳು.

"ಅವರನ್ನ ತಲಿಕೆಳಗ ಮಾಡೀರಲ್ರಿ," ಎಂದಳು. ದನಿ ಏರಿಸಲಿಲ್ಲ. "ನಿಮ್ಮ ಹತ್ರ ಇನ್ನೊಂದು ಕಾಪಿ ಐತಿ ಅಂತ ನನಗ ಹೇಳೇ ಇಲ್ಲ."

"ದೊಡ್ಡ ಫೋಟೋ ಬೇರೆ ಇರಲಿಲ್ರಿ, ಅದಕ್ಕ..."

ಅವಳು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು.

ಅವನು ಹೇಳಿದ್ದು ನಿಜವೂ ಆಗಿರಲಿಲ್ಲ. ಚಿತ್ರಗಳು ಬೇರೆ ಸಿಗುತ್ತಿದ್ದವು. ಬಿಡುವಾದಾಗಲೆಲ್ಲ ಆ ಮುಖವನ್ನು ತೆರೆದು, ಹಿಗ್ಗಿಸಿ, ಅವಳು ಅದರಲ್ಲಿ ಏನು ಕಂಡಳೆಂದು ಅವನು ಹುಡುಕುತ್ತಿದ್ದ. ಹುಡುಕಿ ಮುಗಿದ ಮೇಲೆ ಕಪ್ಪು ಪರದೆಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದ.

ಅಂದೇ ಕಾಪಿ ಅಳಿಸಿ ಹಾಕಿದ. ಮೂರು ಐತವಾರ ಅವಳು ಬರಲಿಲ್ಲ. ನಾಲ್ಕನೆಯ ಐತವಾರ ಅವನೇ ಝಳಕಿಯ ಬಸ್ಸು ಹತ್ತಿದ.

* * *

ಬಾಗಿಲು ತೆರೆದವಳು ಮುಬೀನಾಳ ಅತ್ತೆ ರಾಜಬಿ. ಹೆಸರು ಹೇಳಿದ ಕೂಡಲೇ ಒಳಗೆ ಕರೆದು ಚಹಾ ಕೊಟ್ಟಳು.

"ನೀನ ಏನಪಾ ಆ ಫೋಟೋ ತೆರೆದಾವ? ಈ ಹುಡಿಗಿ ಐತವಾರ ಬಂತಂದ್ರ ಮುಂಜಾನಿಂದ ಗುನುಗುತಿದ್ಳು. ಈಗ ತಿಂಗಳಾತು, ಬಾಯಿ ಬಿಡವಲ್ಳು. ಏನ ಮಾಡ್ದಿ?"

"ತಪ್ಪು ಮಾಡ್ದೆ, ಅಮ್ಮಾ."

ರಾಜಬಿ ಅವನನ್ನೇ ನೋಡಿದಳು. "ಹೋದಾವ ನನ್ನ ಮಗ. ಖರೆ. ಆದ್ರ ಆಕಿ ಇನ್ನೂ ಇಪ್ಪತ್ತಾರರಾಕಿ. ನಿನ್ನಂಥಾವ ಕೈ ಹಿಡೀತೇನಿ ಅಂದ್ರ ನಾ ಬ್ಯಾಡ ಅನ್ನಂಗಿಲ್ಲ. ಹಿತ್ತಲದಾಗ ಅದಾಳ. ಹೋಗಿ ಮಾತಾಡು."

ಹಿತ್ತಲಲ್ಲಿ ಮುಬೀನಾ ತೊಗರಿ ಹಸನು ಮಾಡುತ್ತಿದ್ದಳು. ಅವನು ಬಂದದ್ದು ತಿಳಿದೂ ಮೊರ ನಿಲ್ಲಿಸಲಿಲ್ಲ.

"ಕಾಪಿ ಅಳಿಸೇನ್ರಿ," ಎಂದ. "ಅವತ್ತ ನಾ ಸುಳ್ಳು ಹೇಳಿದೆ. ಅಧ್ಯಾಯಕ್ಕ ಅಂತ ಇಟ್ಕೊಂಡಿರಲಿಲ್ಲ. ನಿಮ್ಮ ಮನಸಿನಾಗ ಇರಾಂವ ಎಂಥಾವ ಅಂತ ನೋಡಾಕ ಇಟ್ಕೊಂಡಿದ್ದೆ."

ಮೊರ ನಿಂತಿತು.

"ಯಾಕ ನೋಡಬೇಕಿತ್ರಿ?"

"ನನಗೂ ಅಲ್ಲಿ ಜಾಗ ಸಿಗತೈತೇನು ಅಂತ."

ಅವಳು ಒಂದು ಹರಳು ಹೆಕ್ಕಿ ಎಸೆದಳು. ಆಮೇಲೆ ಮೊರದೊಳಗಿನ ಕಾಳನ್ನೇ ನೋಡುತ್ತ ಮಾತಾಡಿದಳು.

"ಅವರ ಮುಖ ಮರೆಯಾಕತ್ತಿದ್ದೆ, ಸರ. ಮೂಗು ನೆನಪಾದ್ರ ಕಣ್ಣು ಬರತಿರಲಿಲ್ಲ. ಹೆದರಿಕಿ ಆಗಿ ಫ್ಲಾಪಿ ಹಿಡ್ಕೊಂಡು ಊರೂರು ತಿರುಗಿದೆ. ನೀವು ತೆರದು ಕೊಟ್ರಿ. ಅವತ್ತಿಂದ ದಿನಾ ಕಾಣ್ತಾರ. ನಿಮ್ಮ ಜೋಡಿ ನಗುವಾಗನೂ."

"ಇದು ಮೊದಲ ಗೊತ್ತಿದ್ರ..." ಎಂದು ಅವನು ಅರ್ಧಕ್ಕೆ ನಿಲ್ಲಿಸಿದ.

"ಗೊತ್ತಿದ್ರ ತೆರೀತಿರಲಿಲ್ಲೇನು?"

ಅವನು ಯೋಚಿಸಿದ. "ತೆರೀತಿದ್ದೆ."

ಮುಬೀನಾ ಆಗ ಅವನನ್ನು ನೇರ ನೋಡಿದಳು. ಕಣ್ಣು ತುಂಬಿದ್ದವು. "ಅದಕ್ಕ ನಿಮ್ಮ ಮ್ಯಾಲ ಮನಸಾತ್ರಿ. ಮನಸಾಗಿಲ್ಲ ಅಂತ ಹೇಳಾಕ ಬರಂಗಿಲ್ಲ ನನಗ. ಆದ್ರ ನಿಮ್ಮ ಮನಿಗೆ ಬಂದ್ರ ಅವರನ್ನೂ ಕರಕೊಂಡ ಬರಬೇಕಾಗತೈತಿ. ನಿಮಗ ಅರ್ಧ ಕೊಟ್ಟು ನಾ ಹೆಂಗ ಇರಲಿ?"

"ಅರ್ಧ ಸಾಕ್ರಿ ನನಗ."

"ಇವತ್ತ ಸಾಕು ಅಂತೀರಿ. ಹತ್ತು ವರ್ಷದ ಮ್ಯಾಲ? ಒಂದು ದಿನಾನೂ ಅವರ ಮುಖದ ಜೋಡಿ ನಿಮ್ಮ ಮುಖ ತೂಗಿ ನೋಡಂಗಿಲ್ಲೇನು?"

ಹಾಗೆ ತೂಗಿ ನೋಡಿದ ಮಧ್ಯಾಹ್ನಗಳೆಲ್ಲ ಅವನ ಕಣ್ಣಮುಂದೆ ಬಂದವು. ಇಲ್ಲ ಎನ್ನಲು ಬಾಯಿ ತೆರೆದ. ಅದು ಇನ್ನೊಂದು ಸುಳ್ಳಾಗುತ್ತಿತ್ತು; ತಲೆ ತಗ್ಗಿಸಿದ.

ಅವಳು ಮತ್ತೆ ಮೊರ ಎತ್ತಿಕೊಂಡಳು.

* * *

ಮರುತಿಂಗಳು ಅವಳಿಗೆ ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿಯ ಸಾಲೆಗೆ ಆರ್ಡರ್ ಬಂತು. ಹೊರಡುವ ದಿನ ಬೆಳಿಗ್ಗೆ, ತವರಿನಿಂದ ಟ್ರಂಕು ಹಿಡಿದುಕೊಂಡು ಸಿಂದಗಿ ಬಸ್ ಸ್ಟ್ಯಾಂಡಿಗೆ ಬಂದಳು. ಮಹಡಿಯಿಂದ ನೋಡಿದ ಬಂದೇನವಾಜ ಇಳಿದು ಬಂದು ಟ್ರಂಕನ್ನು ಬಸ್ಸಿನ ಮೇಲೇರಿಸಿದ.

ಕಿಟಕಿಯಿಂದ ಅವಳು ಒಂದು ಕಾಗದದ ಕಟ್ಟು ಚಾಚಿದಳು. ಪೂರ್ತಿ ತಿದ್ದಿದ ಅಧ್ಯಾಯ.

"ಮಾಸ್ತರರಿಗೆ ಕಳಸ್ರಿ. ಓದಿದವರಿಗೆ ತಿಳೀತೈತಿ ಈಗ."

"ಅಲ್ಲಿ ಮನಿ ಸಿಕ್ಕೈತೇನ್ರಿ?"

"ಒಂದು ಖೋಲಿ ಐತಂತ. ಅತ್ತಿನೂ ಬರ್ತಾರ, ಮುಂದಿನ ವಾರ."

"ನೀರು ಕಾಸಿ ಕುಡೀರಿ."

"ಹೂನ್ರಿ. ನೀವು ಹೊತ್ತಿಗಿ ಸರಿಯಾಗಿ ಊಟ ಮಾಡ್ರಿ."

ಕಿಟಕಿಯ ಸರಳಿನ ಮೇಲೆ ಅವಳ ಕೈ ಇತ್ತು. ಅವನು ಅದೇ ಸರಳನ್ನು ಒಂದು ಗೇಣು ಕೆಳಗೆ ಹಿಡಿದು ನಿಂತಿದ್ದ.

ಕಂಡಕ್ಟರ್ ಸೀಟಿ ಊದಿದ.

"ಹೋಗ್ತೇನ್ರಿ, ಸರ," ಎಂದಳು ಮುಬೀನಾ.

ಆ ಸೀಮೆಯಲ್ಲಿ ಹೊರಟವರು ಯಾರೂ ಹಾಗೆ ಹೇಳುವುದಿಲ್ಲ. ಪಕ್ಕದ ಮನೆಗೆ ಹೋಗುವವರೂ, ದವಾಖಾನೆಗೆ ಹೋಗುವವರೂ 'ಬರ್ತೇನಿ' ಎಂದೇ ಏಳುತ್ತಾರೆ.

"'ಬರ್ತೇನಿ' ಅನ್ರಿ, ಮುಬೀನಾ." ಹೆಸರು ಹಿಡಿದು ಅವನು ಅವಳನ್ನು ಕರೆದದ್ದು ಅದೇ ಮೊದಲು.

ಅವಳ ಎಡಹುಬ್ಬು ಚೂರು ಮೇಲೇರಿತು. ನಗು ಬರಲಿಲ್ಲ. ಅವನನ್ನೇ ನೋಡುತ್ತ, ಮೆಲ್ಲಗೆ, ಇಲ್ಲವೆಂದು ತಲೆ ಅಲ್ಲಾಡಿಸಿದಳು. ಬಸ್ಸು ಹೊರಟಿತು.