ಏಳನೇ ಪದರದ ಕೈ

"ಆ ಗೋಡೆ ಒಂದನ್ನ ಕೆರೀಬೇಡಿ ಸಾರ್. ಹಾಗೇ ಮೇಲೆ ಸುಣ್ಣ ಹೊಡೆದುಬಿಡೋಣ."

ಗಾರೆ ಮೇಸ್ತ್ರಿಯ ಮಾತಿಗೆ ಇಂಜಿನಿಯರು ನಕ್ಕ. ಮುಚ್ಚಿಹೋದ ಹಳೇ ಶಾಲೆಯನ್ನು ಗ್ರಂಥಾಲಯ ಮಾಡಿಸಲು ಅವನು ಬಂದು ಮೂರೇ ದಿನವಾಗಿತ್ತು. ಗೋಡೆಗಳಿಗೆ ಮೊದಲಿದ್ದ ಬಣ್ಣವನ್ನೇ ಬಳಿಯಬೇಕು. ಅದು ತಿಳಿಯಲು ಪ್ರತಿ ಕೋಣೆಯಲ್ಲೂ ಅಂಗೈಯಗಲ ಜಾಗದಲ್ಲಿ ಸುಣ್ಣವನ್ನು ಪದರ ಪದರವಾಗಿ ಕೆರೆಯಬೇಕು. ಉಳಿದದ್ದು ಕಪ್ಪುಹಲಗೆಯ ಹಿಂದಿನ ಈ ಗೋಡೆ ಮಾತ್ರ.

"ಯಾಕೆ ಮೇಸ್ತ್ರಿ, ದೆವ್ವ ಬಂದು ಮಗ್ಗಿ ಕೇಳುತ್ತಾ?"

ಮೇಸ್ತ್ರಿ ನಗಲಿಲ್ಲ. ಬಲಗೈಯ ಗವಸನ್ನು ಮೊಣಕೈವರೆಗೆ ಎಳೆದುಕೊಂಡ. ಯಾವಾಗಲೋ ಸುಣ್ಣದಿಂದ ಸುಟ್ಟ ಕೈ ಅದು ಎಂದು ಮೊದಲ ದಿನವೇ ಹೇಳಿದ್ದ.

"ನಾನಿಲ್ಲಿ ಓದ್ತಿದ್ದಾಗ ಮೇಷ್ಟ್ರ ಗಡಿಯಾರ ಕಳುವಾಯ್ತು. ಕದ್ದವನು ಒಬ್ಬ, ಏಟು ತಿಂದವನು ಇನ್ನೊಬ್ಬ. ಆ ಹುಡುಗ ಬಾವಿಗೆ ಬಿದ್ದ. ಅವರಮ್ಮ ಏನೇನೋ ಅರೆದು ಮಸಿ ಮಾಡಿ, ಅಂಗೈಗೆ ಬಳ್ಕೊಂಡು ಇಲ್ಲಿ ಒತ್ತಿ ಹೋದ್ಲು. ತನ್ನ ತಪ್ಪನ್ನ ಇನ್ನೊಬ್ಬರ ತಲೆಗೆ ಕಟ್ಟಿದ ಕೈ ಇದನ್ನ ಮುಟ್ಟಿದ್ರೆ ಇದ್ದಲಾಗ್ಲಿ ಅಂತ."

"ಗಡಿಯಾರ ನಾನೇನೂ ಕದ್ದಿಲ್ವಲ್ಲ!"

ಅಂದನೇನೋ ನಿಜ, ಹಳೆಯ ವರದಿಯೊಂದು ನೆನಪಾಯಿತು. ಹೋದ ವರ್ಷ ಇನ್ನೊಂದು ಕೆಲಸದಲ್ಲಿ, ಕಾಂಕ್ರೀಟು ಇನ್ನೂ ಹಸಿಯಿದ್ದ ಸೂರನ್ನು ಹೊತ್ತ ಊರೆಗಂಬ ಬಿಚ್ಚು ಅಂದವನು ಇವನು. ಸೂರು ಕುಸಿದು ಕಾಲು ಕಳೆದುಕೊಂಡವನು ಬಡಗಿ. 'ಬಡಗಿ ಯಾರನ್ನೂ ಕೇಳದೆ ಬಿಚ್ಚಿದ' ಎಂದು ವರದಿ ಬರೆದವನೂ ಇವನೇ.

ಮೇಸ್ತ್ರಿ ಊಟಕ್ಕೆ ಹೋದ ಮೇಲೆ ಇಂಜಿನಿಯರು ಕಪ್ಪುಹಲಗೆ ಸರಿಸಿದ. ಹಲಗೆ ಬಡಿದು ಮುಚ್ಚಿದ ಕಿಟಕಿಗಳು. ನಡುಮಧ್ಯಾಹ್ನವೂ ಒಳಗೆ ಕತ್ತಲೆ. ಸೀಮೆಸುಣ್ಣದ ಪುಡಿ, ಬಾವಲಿ ಹಿಕ್ಕೆಯ ಘಾಟು. ಎಡಗೈ ಗೋಡೆಗೆ ಆನಿಸಿ ಬಲಗೈಯಲ್ಲಿ ಕೆರೆದ. ಬಿಳಿ. ನೀಲಿ. ಮತ್ತೆ ಬಿಳಿ. ಹಳದಿ. ಹಸಿರು. ಆರನೆಯದು ಉದುರುತ್ತಲೇ ಕೂದಲು ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಹೊರಗೆ, ಎಂದೋ ಮುಚ್ಚಿದ ಬಾವಿಯ ರಾಟೆ ಕಿರುಗುಟ್ಟಿತು.

ಏಳನೆಯದು ತಾನಾಗಿ ಕಳಚಿತು, ಎಡಗೈಯಡಿಯ ಸುಣ್ಣವೂ ಜೊತೆಗೇ ಉದುರಿತು. ಕಪ್ಪು ಕೈ. ಐದೂ ಬೆರಳು. ಹಸಿಹಸಿ. ಅವನ ಎಡಗೈ ಸರಿಯಾಗಿ ಅದರ ಮೇಲಿತ್ತು. ಎಳೆದ. ಬರಲಿಲ್ಲ. ಯಾರೋ ಒಳಗಿನಿಂದ ಹಿಡಿದಿದ್ದರು. ಮತ್ತೆ ಎಳೆದ. ಬಿಟ್ಟಿತು. ಉಗುರು ಕಪ್ಪು. ಬೆರಳು ಕಪ್ಪು. ಉಜ್ಜಿದ. ಹೋಗಲಿಲ್ಲ. ಏರುತ್ತಿತ್ತು.

ಅವನ ಕೂಗಿಗೆ ಓಡಿಬಂದ ಮೇಸ್ತ್ರಿ ತನ್ನ ಗವಸು ಕಳಚಿದ. ಮೊಣಕೈವರೆಗೂ ಇದ್ದಲು.

"ಗಡಿಯಾರ ಕದ್ದವನು ನಾನೇ ಸಾರ್. ಆ ಹುಡುಗನ ಹೆಸರು ಹೇಳಿದವನೂ ನಾನೇ. ಸುಣ್ಣ ಹೊಡೆಯೋಕೆ ಹೋಗಿ ಮುಟ್ಟಿದೆ. ನಿಜ ಹೇಳೋಣ ಅಂದ್ರೆ ಆ ಹುಡುಗ ಎಲ್ಲಿದ್ದಾನೆ? ನೀವು ತಪ್ಪು ಹೊರಿಸಿದವನು ಬದುಕಿದ್ರೆ ಈಗ್ಲೇ ಅವನಿಗೆ ನಿಜ ಹೇಳಿ. ಮಣಿಕಟ್ಟು ದಾಟೋಕೆ ಮುಂಚೆ."

ಬಲಗೈಯಲ್ಲಿ ಬಡಗಿಗೆ ಫೋನು ಮಾಡಿದ.

"ಅಯ್ಯೋ ಸಾರ್, ನೀವಾ!" ಬಡಗಿಯ ದನಿ ಅರಳಿತು. "ನನ್ನ ಹತ್ರ ಯಾರೂ ಕೆಲಸ ಮಾಡಿಸಲ್ಲ ಈಗ. ಅವತ್ತು ನೀವು ಹೇಳಿದ್ರೂ ಸೂರು ಒಣಗಿದೆಯಾ ಅಂತ ನಾನೊಂದ್ಸಲ ನೋಡ್ಬೇಕಿತ್ತು. ತಪ್ಪು ನಂದೇ ಬಿಡಿ. ಏನ್ ಸಾರ್, ಫೋನ್ ಮಾಡಿದ್ದು?"

ಇಂಜಿನಿಯರು ಬಾಯಿ ತೆರೆದ. ವರದಿ, ಕೆಲಸ, ಪೊಲೀಸು, ಹೆಂಡತಿಯ ಮುಖ.

"ಏನಿಲ್ಲಪ್ಪ. ಕಾಲು ಹೇಗಿದೆ ಅಂತ... ಸುಮ್ನೆ."

ಮಸಿ ಮಣಿಕಟ್ಟು ದಾಟಿತು.

ಮೇಸ್ತ್ರಿ ಬೈಯಲಿಲ್ಲ. ತನ್ನ ಚೀಲ ತಡಕಾಡಿ ಒಂದು ಗವಸು ತೆಗೆದುಕೊಟ್ಟ. ಅವನ ಬಲಗೈ ಗವಸಿನ ಜೋಡಿ, ಎಡಗೈಯದು. ಒಮ್ಮೆಯೂ ಹಾಕಿರಲಿಲ್ಲ, ಹೊಸದಾಗಿಯೇ ಇತ್ತು.